ನೋಡಿದವರಿಲ್ಲದ ಎರಡು ತಿಂಗಳು

ಸಮುದ್ರದ ಹಕ್ಕಿಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸಮುದ್ರವಿಲ್ಲದ ಊರಿನಲ್ಲಿ, ಮೆಟ್ರೋ ರೈಲಿನಲ್ಲಿ ನಿಂತುಕೊಂಡು ಕಲಿತದ್ದು. ಕಲಿಸಿದವರು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾರಾದರೂ ಹಕ್ಕಿಯ ಫೋಟೋ ಹಿಡಿದು ಬಂದು "ಇದರ ಹೆಸರೇನು ಮೇಡಂ?" ಎಂದು ಕೇಳಿದರೆ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು, "ಹೆಸರು ಆಮೇಲೆ. ಅದು ಎಂತ ಮಾಡ್ತಾ ಇತ್ತು ಹೇಳಿ." ಹಾಗಾಗಿ ನಾನೂ ಅವರು ಏನು ಮಾಡುತ್ತಿದ್ದರು ಎನ್ನುವಷ್ಟನ್ನೇ ಹೇಳುತ್ತೇನೆ.

ದಿಲ್ಲಿಯ ಆ ಕಾಲೇಜಿನಲ್ಲಿ ನಾವಿಬ್ಬರೂ ಬಹಳ ವರ್ಷ ಒಟ್ಟಿಗೆ ಪಾಠ ಮಾಡಿದೆವು. ನನ್ನದು ಇತಿಹಾಸ. ಅವರು ಮಲ್ಪೆ ಕಡೆಯ ಮೀನುಗಾರರ ಮನೆಯವರು, ನಾನು ಚಳ್ಳಕೆರೆಯವನು. ಊರಲ್ಲೇ ಇದ್ದಿದ್ದರೆ ಒಬ್ಬರಿಗೊಬ್ಬರು ಎದುರಾಗುವ ಪ್ರಸಂಗವೇ ಬರುತ್ತಿರಲಿಲ್ಲ. ದಿಲ್ಲಿಯಲ್ಲಿ ಕನ್ನಡ ಮಾತಾಡುವವರು ಸಿಕ್ಕರೆ ಸಾಕು, ಯಾರೂ ಜಿಲ್ಲೆ ಕೇಳುವುದಿಲ್ಲ. ಇಬ್ಬರ ಮನೆಯೂ ರೋಹಿಣಿಯಲ್ಲೇ, ಬೇರೆ ಬೇರೆ ಸೆಕ್ಟರಿನಲ್ಲಿ. ಬೆಳಿಗ್ಗೆ ಒಂದೇ ಹೊತ್ತಿಗೆ ಮೆಟ್ರೋ ಹತ್ತುತ್ತಿದ್ದೆವು. ಮೇಡಂ ಕುಳ್ಳಗಿನ ಆಸಾಮಿ. ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. "ಕೂತ್ರೆ ತಲೆ ತಿರುಗ್ತದೆ. ನಿಂತ್ರೆ ಮೂರು ಸ್ಟೇಷನ್ ತಡೀತೇನೆ" ಅನ್ನುತ್ತಿದ್ದರು. ಹಾಗಾಗಿ ನಾನೂ ನಿಲ್ಲಬೇಕಾಗುತ್ತಿತ್ತು. ನನ್ನ ಮಂಡಿನೋವಿಗೆ ಅರ್ಧ ಕಾರಣ ಅವರೇ ಎಂದು ಈಗಲೂ ನಂಬಿದ್ದೇನೆ.

ಮೀನುಗಾರರ ಮಗಳಾಗಿದ್ದೂ ಅವರಿಗೆ ಸಮುದ್ರ ಆಗಿಬರುತ್ತಿರಲಿಲ್ಲ. ಬೋಟು ಬಂದರು ದಾಟುವ ಮೊದಲೇ ವಾಂತಿ. ಪಿಎಚ್.ಡಿ. ಮಾಡುವಾಗ ಅಣ್ಣನ ಬೋಟಿನಲ್ಲಿ ಹೋಗಿ, ಬಲೆಯ ರಾಶಿಯ ಮೇಲೆ ಮಲಗಿ, ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದುಕೊಂಡು ಹಕ್ಕಿ ಎಣಿಸುತ್ತಿದ್ದರಂತೆ. ವಾಪಸು ಬರುವಾಗ ದಡದಲ್ಲಿ ಮೀನಿಗೆ ಕಾದಿದ್ದ ಹೆಂಗಸರು ಇವರ ಮುಖ ನೋಡಿ ನಗುತ್ತಿದ್ದರಂತೆ. ದಿಲ್ಲಿಯಲ್ಲಿ ಕೆಲಸ ಸಿಕ್ಕಾಗ ಆದ ಮೊದಲ ಸಮಾಧಾನವೆಂದರೆ ಇದು ಅಲ್ಲಾಡದ ಊರು ಎನ್ನುವುದು. ಆಮೇಲೆ ಒಂದು ಮಧ್ಯಾಹ್ನ ಭೂಮಿ ನಡುಗಿ ಇಡೀ ಕಾಲೇಜು ಮೈದಾನಕ್ಕೆ ಓಡಿಬಂತು. ಇವರು ಬೇವಿನ ಮರವನ್ನು ಹಿಡಿದುಕೊಂಡು, ಹುಳ್ಳಗಿನ ಮುಖ ಮಾಡಿಕೊಂಡು ನಿಂತಿದ್ದರು. "ಇಲ್ಲಿಗೂ ಬಂತಲ್ಲ ಮಾರಾಯ್ರೆ" ಅಂದರು.

ಅವರ ಹಕ್ಕಿಯ ವಿಷಯ ಹೇಳಬೇಕು. ಪೆಟ್ರೆಲ್ ಎಂದು ಕರೆಯುವ ಪುಟ್ಟ ಕಡಲಹಕ್ಕಿ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಮಸಿಗಪ್ಪು ಬಣ್ಣ. ಮರಿ ಮಾಡುವಾಗ ಬಿಟ್ಟರೆ ನೆಲಕ್ಕೆ ಬರುವುದೇ ಇಲ್ಲ, ಬದುಕೆಲ್ಲ ನಡುಗಡಲಲ್ಲಿ. ಅದರಲ್ಲಿ ಒಂದು ಜಾತಿಗೆ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುತ್ತದೆ, ಕಾಲು ಬಾಲಕ್ಕಿಂತ ಆಚೆ ಚಾಚಿಕೊಂಡಿರುತ್ತದೆ. ಅದು ದಕ್ಷಿಣ ಧ್ರುವದ ಕಡೆ ಮರಿ ಮಾಡಿ ನಮ್ಮ ಸಮುದ್ರದವರೆಗೆ ಹಾರಿಬರುತ್ತದೆ. ಇನ್ನೊಂದಕ್ಕೆ ಬಿಳಿ ಇಲ್ಲ, ಬಾಲ ಕವಲು. ಪೆಟ್ರೆಲ್ ನೀರಿನ ಮೇಲೆ ಅರ್ಧ ಹಾರುತ್ತ ಅರ್ಧ ನಡೆಯುತ್ತ ಆಹಾರ ಹುಡುಕುತ್ತದೆ. ಇದನ್ನು ತೋರಿಸಲು ಮೇಡಂ ಕ್ಯಾಂಟೀನಿನ ಮೇಜಿನ ಮೇಲೆ ತೋರುಬೆರಳು, ನಡುಬೆರಳುಗಳನ್ನು ತಟತಟನೆ ಕುಣಿಸುತ್ತ ಚಹಾದ ಲೋಟದವರೆಗೆ ತರುತ್ತಿದ್ದರು. ಪ್ರತಿ ಸಲ ಚಹಾದ ಲೋಟ ನನ್ನದೇ ಆಗಿರುತ್ತಿತ್ತು.

ಅವರು ಸಮುದ್ರಕ್ಕೆ ಹೋಗದಿದ್ದರೂ ಸಮುದ್ರ ಅವರ ಫೋನಿಗೆ ಬರುತ್ತಿತ್ತು. ಕಾರವಾರದಿಂದ, ಕೊಚ್ಚಿಯಿಂದ, ವೆರಾವಲಿನಿಂದ ಜನ ಫೋಟೋ ಕಳಿಸುತ್ತಿದ್ದರು. ಮೇಡಂ ಮೂರು ಪ್ರಶ್ನೆ ಕೇಳುತ್ತಿದ್ದರು. ನೀರು ಹೇಗಿತ್ತು? ಹತ್ತಿರದ ಬೋಟಿನಿಂದ ಮೀನಿನ ಕಸ ಎಸೆಯುತ್ತಿದ್ದರಾ? ಹಕ್ಕಿ ಕಾಲನ್ನು ಎಂತ ಮಾಡುತ್ತಿತ್ತು? ಉತ್ತರ ಬಂದಮೇಲೆ ಫೋಟೋ ದೊಡ್ಡದು ಮಾಡಿ ನೋಡುವುದು. ಹೆಚ್ಚಿನ ಸಲ ಅವರ ತೀರ್ಪು "ಗೊತ್ತಿಲ್ಲ" ಎಂದೇ. ಗುರುಗ್ರಾಮದಿಂದ ಒಬ್ಬ ನಿವೃತ್ತ ಅಧಿಕಾರಿ ಫಿರಂಗಿಯಂಥ ಲೆನ್ಸು ನೇತುಹಾಕಿಕೊಂಡು ಕಾಲೇಜಿಗೇ ಬಂದಿದ್ದರು. ಬಾಡಿಗೆ ಬೋಟಿನಲ್ಲಿ ಹೋಗಿ ತೆಗೆದ ಚಿತ್ರ. ಮೇಡಂ ಬಹಳ ಹೊತ್ತು ನೋಡಿ, "ಪೆಟ್ರೆಲ್ ಇರ್ಬಹುದು. ಪ್ಲಾಸ್ಟಿಕ್ ಚೀಲವೂ ಇರ್ಬಹುದು" ಅಂದರು. ಆ ಮನುಷ್ಯ ಸಮೋಸಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

"ಅಷ್ಟು ದೂರದಿಂದ ಬಂದವರಿಗೆ ಹಾಗಾ ಹೇಳೋದು?" ಎಂದು ನಾನು ಕೇಳಿದೆ.

"ದೂರದಿಂದ ಬಂದ್ರು ಅಂತ ಹಕ್ಕಿ ಬದಲಾಗ್ತದಾ?" ಅಂದರು.

ಇಷ್ಟು ಕಟ್ಟುನಿಟ್ಟಿನವರು ತಾವೇ ಒಂದು ತಪ್ಪು ಬರೆದು, ಅದನ್ನು ತಿಳಿಯದೆ ಅರ್ಧ ಆಯಸ್ಸು ಕಳೆದರು. ಅವರ ಪ್ರಬಂಧ ಇದ್ದದ್ದೇ ಪಶ್ಚಿಮ ಕರಾವಳಿಯಲ್ಲಿ ಈ ಹಕ್ಕಿಗಳು ಯಾವ ತಿಂಗಳು ಎಲ್ಲಿರುತ್ತವೆ ಎಂಬುದರ ಮೇಲೆ. ಮೀನುಗಾರಿಕೆ ಬೋಟುಗಳಲ್ಲಿ ಹೋಗಿ ಬಂದವರಿಂದ ವಿವರ ತರಿಸಿ, ತಾವೂ ಹೋಗಿ ನೋಡಿ ತಿಂಗಳುವಾರು ನಕ್ಷೆ ಮಾಡಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಹಕ್ಕಿಗಳು ಕಾಣಿಸುತ್ತವೆ. ಆಗಸ್ಟಿನಿಂದ ತಂಡತಂಡವಾಗಿ ಬರುತ್ತವೆ. ಜೂನ್, ಜುಲೈನಲ್ಲಿ ಸೊನ್ನೆ. ಮಳೆಗಾಲದ ಆ ಎರಡು ತಿಂಗಳು ಪೆಟ್ರೆಲ್‌ಗಳು ನಮ್ಮ ಸಮುದ್ರ ಬಿಟ್ಟು ದೂರ ಹೋಗುತ್ತವೆ ಎಂದು ಬರೆದರು. ಅದನ್ನು ಯಾರೂ ಹಾಗೆ ಖಚಿತವಾಗಿ ಹೇಳಿರಲಿಲ್ಲ. ಆ ಒಂದು ಮಾತಿನಿಂದ ಅವರಿಗೆ ಹೆಸರು ಬಂತು, ದಿಲ್ಲಿಯ ಕೆಲಸ ಬಂತು. ಹಕ್ಕಿ ಗುರುತಿಸುವ ಪುಸ್ತಕಗಳು ಆ ಮಾತನ್ನು ಒಂದರಿಂದೊಂದು ನಕಲು ಮಾಡಿಕೊಂಡವು.

ಅವರ ನಿವೃತ್ತಿ ಹತ್ತಿರವಿದ್ದ ಕಾಲ. ಜೂನ್ ಕೊನೆಯ ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದಿದ್ದರು. ಊರಿನಿಂದ ಅತ್ತಿಗೆ ಒಣ ಸಿಗಡಿ ಕಳಿಸಿದ್ದರು. ಗಂಡ ತೀರಿಕೊಂಡಮೇಲೆ ಮನೆಯಲ್ಲಿ ಅವರು, ಮಗಳು ಇಬ್ಬರೇ. ಮಗಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಕೆಲಸದಲ್ಲಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಮಾತಾಡಲು ಹೊರಟರೆ ಅರ್ಧದಲ್ಲೇ ಹಿಂದಿಗೆ ಇಳಿದುಬಿಡುತ್ತಾಳೆ. ಮೇಡಂ ಸಿಗಡಿ ಹುರಿಯಲು ಶುರುಮಾಡಿದ್ದೇ ತಡ, ವಾಸನೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಯಿತು. ಹೋದದ್ದು ಒಬ್ಬ ಪಂಜಾಬಿ ಆಂಟಿಯನ್ನು ಕರೆದುಕೊಂಡೇ ಬಂತು. ಆಕೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, "ಮೇಡಂಜೀ, ಯೇ ಕೈಸೀ ಬದಬೂ ಹೈ? ಕುಛ್ ಮರ್ ಗಯಾ ಕ್ಯಾ?" ಎಂದು, ಏನಾದರೂ ಸತ್ತು ನಾರುತ್ತಿದೆಯೇ ಎನ್ನುವಂತೆ ಕೇಳಿದರು.

ಮೇಡಂ ಸೌಟು ಹಿಡಿದೇ ಮೆಟ್ಟಿಲ ಹತ್ತಿರ ಹೋದರು. ಮೊದಲ ವರ್ಷದ ಹುಡುಗರಿಗೆ ವಿವರಿಸುವ ತಾಳ್ಮೆಯಿಂದ, ತಮ್ಮ ಮಲ್ಪೆಯ ಹಿಂದಿಯಲ್ಲಿ ಹೇಳತೊಡಗಿದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನೋಡಿ, ನಮ್ಮ ಕಡೆ ಮಳೆಗಾಲದಲ್ಲಿ ಎರಡು ತಿಂಗಳು ತಾಜಾ ಮೀನು ಸಿಗುವುದಿಲ್ಲ. ಅದಕ್ಕೇ ಮುಂಚೆಯೇ ಒಣಗಿಸಿ ಇಡುವುದು. ಸಮುದ್ರದಲ್ಲಿ ಮೀನು ಇರುವುದಿಲ್ಲ ಅಂತ ಅಲ್ಲ. ಮೀನು ಇರ್ತದೆ. ಬೋಟು ಹೋಗುವುದಿಲ್ಲ. ಸರ್ಕಾರದ್ದೇ ರಜೆ ಉಂಟು. ಜೂನ್, ಜುಲೈ ಅಲ್ಲಿ ನೋಡುವವರೇ ಯಾರೂ…"

ಅಲ್ಲಿಗೆ ನಿಲ್ಲಿಸಿದರು. ಸೌಟು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಪಂಜಾಬಿ ಆಂಟಿ ಗಾಬರಿಯಾಗಿ ಅವರ ಬೆನ್ನು ಸವರತೊಡಗಿದರು. ಮಗಳು ಓಡಿಬಂದು, "ಅಂಕಲ್, ಮಮ್ಮಿ ಕೋ ಕ್ಯಾ ಹುವಾ? ಬಿಪಿನಾ?" ಎಂದಳು. ನನಗೂ ಗೊತ್ತಿರಲಿಲ್ಲ. ಮೇಡಂ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ನನ್ನ ಥೀಸಿಸ್ ಹೋಯ್ತು ಮಾರಾಯ್ರೆ" ಅಂದರು. ಆಂಟಿಗೆ ಇದೊಂದೂ ತಿಳಿಯಲಿಲ್ಲ. ತಾನು ಬೈದದ್ದಕ್ಕೇ ಹೀಗಾಯಿತೆಂದು ನೊಂದುಕೊಂಡು, ವಾಸನೆ ಅಷ್ಟೇನೂ ಕೆಟ್ಟದಾಗಿಲ್ಲ ಎಂದು ಹೇಳಿ ಮೇಲೆ ಹೋದರು.

ಆ ಮಧ್ಯಾಹ್ನ ಊಟ ತಣ್ಣಗಾಯಿತು. ಮೇಡಂ ತಟ್ಟೆಯ ಮುಂದೆ ಕೂತು ವಿವರಿಸಿದರು. ಪೆಟ್ರೆಲ್ ಇರುವುದು ದಡದಿಂದ ದೂರ. ಅಲ್ಲಿಗೆ ಹೋಗುವವರು ದೊಡ್ಡ ಬೋಟಿನವರು. ಅವರೆಲ್ಲ ಆ ಎರಡು ತಿಂಗಳು ಬೋಟು ಕಟ್ಟಿಹಾಕಿ ಬಲೆ ಸರಿಮಾಡಿಕೊಂಡು ಕೂರುತ್ತಾರೆ. ಹಾಗಾಗಿ ಆ ತಿಂಗಳ ವಿವರ ಒಂದೂ ಬರಲಿಲ್ಲ. ಬರದಿದ್ದ ಕಡೆ ಜಾಗ ಖಾಲಿ ಬಿಡಬೇಕಿತ್ತು, ಇವರು ಸೊನ್ನೆ ಬರೆದರು.

"ಅಪ್ಪ ದೋಣಿಯನ್ನು ದಡದ ಮೇಲೆ ಎಳೆದು ತೆಂಗಿನ ಮಡಲು ಹೊದಿಸುವಾಗ ಹಗ್ಗ ಹಿಡಿದವಳು ನಾನು. ಆ ಎರಡು ತಿಂಗಳು ಒಣಮೀನು ತಿಂದೇ ಬೆಳೆದವಳು. ನೀವು ಘಟ್ಟದ ಮೇಲಿನವರು, ನೀವು ಈ ತಪ್ಪು ಮಾಡಿದ್ರೆ ಸರಿ. ನಾನು ಮಾಡುವುದಾ? ಹೋಗದೇ ಇದ್ದದ್ದು ನಾವು. ಹಕ್ಕಿ ಹೋಯ್ತು ಅಂತ ಬರೆದೆ."

ಇತಿಹಾಸದಲ್ಲಿ ನಾವು ಇದನ್ನೇ ದಿನಾ ಮಾಡುತ್ತೇವೆ, ಶಾಸನ ಸಿಗದ ಕಾಲಕ್ಕೆ ಅಂಧಕಾರಯುಗ ಎಂದು ಹೆಸರಿಟ್ಟು ಮುಂದೆ ಹೋಗುತ್ತೇವೆ ಎಂದು ಸಮಾಧಾನ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ನನಗೆ ಮಾತ್ರ ಸಿಗಡಿ ಬಹಳ ಹಿಡಿಸಿತ್ತು. ಇನ್ನೊಂದು ಸಲ ಬಡಿಸಿ ಎನ್ನಲು ಅದು ಹೊತ್ತಲ್ಲ ಎಂದು ಸುಮ್ಮನಾದೆ.

ಬರೀ ಪುಸ್ತಕದ ತಪ್ಪಾಗಿದ್ದರೆ ಅಷ್ಟು ಸಂಕಟವಿರಲಿಲ್ಲ. ಅದೇ ವರ್ಷ ಮಧ್ಯ ದಿಲ್ಲಿಯ ಒಂದು ಕಚೇರಿಯಲ್ಲಿ ಒಂದು ಸಮಿತಿ ಕೂತಿತ್ತು. ಪೆಟ್ರೆಲ್‌ಗಳಿಗೆ ದೀಪವೆಂದರೆ ಹುಚ್ಚು. ಸಮುದ್ರದ ನಡುವೆ ಎಣ್ಣೆ ತೆಗೆಯುವ ರಿಗ್‌ಗಳ ದೀಪಕ್ಕೆ ಬಂದು ಬಡಿದು ಬೀಳುತ್ತವೆ. ಅದಕ್ಕಾಗಿ ಹಕ್ಕಿ ಇರುವ ತಿಂಗಳುಗಳಲ್ಲಿ ಆ ದೀಪಗಳಿಗೆ ಮರೆ ಕಟ್ಟಬೇಕೆಂಬ ನಿಯಮ ಸಿದ್ಧವಾಗುತ್ತಿತ್ತು. ಕರಡಿನಲ್ಲಿ ಜೂನ್, ಜುಲೈಗೆ ವಿನಾಯಿತಿ. ಆಧಾರ, ಮೇಡಂ ಅವರ ಪ್ರಬಂಧ. ಮಂಜು, ಮಳೆ ಇರುವ ಕಾಲದಲ್ಲೇ ಹಕ್ಕಿ ದೀಪಕ್ಕೆ ಹೆಚ್ಚು ಮೋಸಹೋಗುವುದು. ಆ ಕಾಲಕ್ಕೇ ಮರೆ ಬೇಡ ಎಂದು ತಾವೇ ಹೇಳಿದಂತಾಯಿತಲ್ಲ ಎನ್ನುವುದು ಅವರ ಎದೆಯಲ್ಲಿ ಕೂತುಬಿಟ್ಟಿತು. ಅವರೂ ಆ ಸಮಿತಿಯ ಸದಸ್ಯರು. ಅಧ್ಯಕ್ಷರು ಒಂದು ಕಾಲಕ್ಕೆ ನಮ್ಮ ಕಾಲೇಜಿನಲ್ಲೇ ಇದ್ದು ಮೇಲೇರಿದವರು, ಮೇಡಂ ಮೇಲೆ ಬಹಳ ಗೌರವ.

ಸಭೆಯಲ್ಲಿ ಏನಾಯಿತೆಂದು ಮರುದಿನ ಮೆಟ್ರೋದಲ್ಲಿ ಹೇಳಿದರು. ಎದ್ದು ನಿಂತು, ನನ್ನ ಪ್ರಬಂಧದ ಆ ಮಾತು ತಪ್ಪು, ದಯವಿಟ್ಟು ತೆಗೆಯಿರಿ ಎಂದರಂತೆ. ಅಧ್ಯಕ್ಷರು ಕೈಮುಗಿದು, "ಇದು ನಿಮ್ಮ ದೊಡ್ಡತನ ಮೇಡಂ. ಇಷ್ಟು ಸಾಧಿಸಿದಮೇಲೂ ಈ ನಮ್ರತೆ" ಅಂದರಂತೆ. ಉಳಿದವರು ಚಪ್ಪಾಳೆ ತಟ್ಟಿದರು.

"ನಮ್ರತೆ ಅಲ್ಲ, ತಪ್ಪು ಅಂತ ಮತ್ತೆ ಹೇಳಿದೆ. ಮತ್ತೆ ಚಪ್ಪಾಳೆ. ನನ್ನ ತಪ್ಪು ಒಪ್ಪಿಸಲಿಕ್ಕೆ ನಾನೇ ಎಷ್ಟು ಕಷ್ಟಪಡಬೇಕು ನೋಡಿ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಬಾಗಿಲ ಪಕ್ಕದ ಕಂಬಿ ಹಿಡಿದು, ಇಳಿಯುವವರೆಗೂ ಹೊರಗೆ ನೋಡುತ್ತ ನಿಂತರು.

ಕೊನೆಗೆ ಅಧ್ಯಕ್ಷರು ಒಂದು ದಾರಿ ಬಿಟ್ಟಿದ್ದರು: ಜೂನ್ ಅಥವಾ ಜುಲೈ ತಿಂಗಳಿನ ಒಂದೇ ಒಂದು ಪೆಟ್ರೆಲ್ ತೋರಿಸಿ, ವಿನಾಯಿತಿ ತೆಗೆಯುತ್ತೇವೆ. ಅಲ್ಲಿಂದ ಮುಂದೆ ಮೇಡಂ ಬದುಕಿದ್ದು ಆ ಒಂದು ಹಕ್ಕಿಗಾಗಿ. ಹಾಗೆ ಹೇಳಿದರೆ ಅತಿಶಯೋಕ್ತಿಯಲ್ಲ. ನಿವೃತ್ತಿಯಾಯಿತು, ಹಾರ, ಶಾಲು ಎಲ್ಲ ಆಯಿತು. ಅದರ ಫೋಟೋಗಳಲ್ಲಿಯೂ ಅವರು ಫೋನು ನೋಡುತ್ತಿದ್ದಾರೆ.

ಕರೋಲ್ ಬಾಗಿನಲ್ಲಿ ಅವರ ಊರ ಕಡೆಯ ಶೆಟ್ಟರೊಬ್ಬರ ಹೋಟೆಲ್ ಇದೆ. ಮೇಡಂ ಅಲ್ಲಿ ಗಲ್ಲಾದ ಹತ್ತಿರ ಹೋಗಿ, ಹಡಗಿನಲ್ಲಿ ಕೆಲಸ ಮಾಡುವ ನೆಂಟರು ಯಾರಾದರೂ ಇದ್ದರೆ ಹೇಳಿ ಎಂದು ಕೇಳಿಕೊಂಡರು. ಶೆಟ್ಟರು ಬಂದ ಗಿರಾಕಿಗಳಿಗೆಲ್ಲ, "ನಮ್ಮ ಮೇಡಂಗೆ ಮಳೆಗಾಲದ ಒಂದು ಕಪ್ಪು ಹಕ್ಕಿ ಬೇಕಂತೆ, ಉಂಟಾ ನಿಮ್ಮಲ್ಲಿ?" ಎಂದು ವಿಚಾರಿಸತೊಡಗಿದರು. ಒಬ್ಬ ಸರ್ದಾರ್ಜಿ ಅದು ತಿಂಡಿಯ ಹೆಸರೆಂದು ತಿಳಿದು ಒಂದು ಪ್ಲೇಟ್ ಆರ್ಡರ್ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಅಷ್ಟಾದರೂ ಅಲ್ಲಿಂದಲೇ ಒಂದು ಫೋಟೋ ಬಂತು. ಶೆಟ್ಟರ ಸೋದರಳಿಯ ಸರಕು ಹಡಗಿನಲ್ಲಿ ಇಂಜಿನಿಯರ್. ಜುಲೈಯಲ್ಲಿ ಕರ್ನಾಟಕದ ಆಚೆ ನಡುಗಡಲಲ್ಲಿ ತೆಗೆದದ್ದು. ಬೂದು ನೀರು, ಬೂದು ಆಕಾಶ, ನಡುವೆ ಒಂದು ಕಪ್ಪು ಗುರುತು. ಶೆಟ್ಟರು ನಮ್ಮ ಮೇಜಿಗೇ ಬಂದು ಫೋನು ಕೊಟ್ಟು ನಿಂತರು. ಮೇಡಂ ನೀರುದೋಸೆ ಪಕ್ಕಕ್ಕೆ ಸರಿಸಿ, ಕನ್ನಡಕ ತೆಗೆದು, ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಆಸೆ ಇತ್ತು. ಅದು ಆಸೆಯಲ್ಲದೆ ಬೇರೇನೂ ಅಲ್ಲ.

"ಗೊತ್ತಿಲ್ಲ" ಅಂದರು.

ನನಗೆ ಸಿಟ್ಟು ಬಂತು. ಶೆಟ್ಟರು ಆಚೆ ಹೋಗುವವರೆಗೆ ತಡೆದುಕೊಂಡು ಕೇಳಿದೆ. "ಏನ್ ಮೇಡಂ ಇದು? ಜುಲೈ, ನಡುಗಡಲು, ಸಣ್ಣ ಕಪ್ಪು ಹಕ್ಕಿ. ಇನ್ನೇನು ಇರೋಕೆ ಸಾಧ್ಯ? ನೀವು ಪೆಟ್ರೆಲ್ ಅಂದ್ರೆ ಈ ದೇಶದಲ್ಲಿ ಅಲ್ಲ ಅನ್ನೋರು ಯಾರಿದಾರೆ?"

"ಅದೇ ಹೆದರಿಕೆ. ಯಾರೂ ಇಲ್ಲ."

"ನಿಮ್ಮ ಮಾತು ನಿಜ ಅಂತ ನಿಮಗೇ ಗೊತ್ತಲ್ಲ."

"ನಿಜ ಇರ್ಬಹುದು. ಕಾಣದ್ದನ್ನು ಒಂದು ಸಲ ಬರೆದಾಯ್ತಲ್ಲ ಮಾರಾಯ್ರೆ. ಅದನ್ನು ಅಳಿಸಲಿಕ್ಕೆ ಕಾಣದ್ದನ್ನೇ ಇನ್ನೊಂದು ಸಲ ಬರೆಯುವುದಾ?" ಎಂದು ದೋಸೆ ಹತ್ತಿರಕ್ಕೆ ಎಳೆದುಕೊಂಡರು. ಹತ್ತಿರಕ್ಕೆ ಎಳೆದುಕೊಂಡದ್ದಷ್ಟೇ, ತಿನ್ನಲಿಲ್ಲ. ಅವರ ಬಗ್ಗೆ ನನಗಿದ್ದ ಗೌರವ ಆವತ್ತು ಹೆಚ್ಚಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ಆದದ್ದು ಕಿರಿಕಿರಿ. ಮನೆ ಮುಟ್ಟುವವರೆಗೂ ನಾನು ಮುಖ ಕೊಟ್ಟು ಮಾತಾಡಲಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದು ಗುಜರಾತಿಗೆ ಅಪ್ಪಳಿಸಿ, ರಾಜಸ್ಥಾನ ದಾಟಿ, ಅದರ ಬಾಲದ ಮಳೆ ದಿಲ್ಲಿಗೂ ಬಂತು. ಅಂಥ ಗಾಳಿಯಲ್ಲಿ ಕಡಲಹಕ್ಕಿಗಳು ದಿಕ್ಕುತಪ್ಪಿ ಒಳನಾಡಿಗೆ ಬಂದು ಬೀಳುವುದುಂಟು. ಮೇಡಂ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕೊಳ, ಕೆರೆ, ಮಹಡಿ ನೋಡುತ್ತಿರಿ ಎಂದು ಹೇಳಿಟ್ಟಿದ್ದರು. ಮಳೆ ನಿಂತ ಬೆಳಿಗ್ಗೆ ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಅವರ ಶಿಷ್ಯೆ ಫೋನು ಮಾಡಿದಳು. ಹಾಸ್ಟೆಲ್ ಮಹಡಿಯ ಮೇಲೆ ಒಂದು ಹಕ್ಕಿ ಬಿದ್ದಿದೆ. ಸಣ್ಣದು, ಮಸಿಗಪ್ಪು, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ನಿಲ್ಲಲು ಬರುತ್ತಿಲ್ಲ. ಪುಸ್ತಕ ನೋಡಿದೆ ಮೇಡಂ, ಅದೇ.

ರೋಹಿಣಿಯಿಂದ ಗ್ರೇಟರ್ ನೋಯ್ಡಾಕ್ಕೆ ಕಾರು ಓಡಿಸುವುದೆಂದರೆ ಇನ್ನೊಂದು ಊರಿಗೆ ಹೋದ ಹಾಗೆ. ಅದರಲ್ಲೂ ಮಳೆ ಬಿದ್ದ ಮರುದಿನ. ಅಂಡರ್‌ಪಾಸುಗಳಲ್ಲೆಲ್ಲ ನೀರು, ಟ್ರಕ್ಕುಗಳ ಸಾಲು. ಮೇಡಂ ಮುಂದಿನ ಸೀಟಿನಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ದರು. ಎಕ್ಸ್‌ಪ್ರೆಸ್ ವೇ ಹಿಡಿದಮೇಲೆ ಒಮ್ಮೆ, "ಬದುಕಿದ್ರೆ ಸಾಕು" ಅಂದರು. ಹಕ್ಕಿಯ ವಿಷಯವೇ ಇರಬೇಕು.

ಶಿಷ್ಯೆ ಮಹಡಿಯ ಮೇಲೆ ಶೂ ಡಬ್ಬಿ ಹಿಡಿದು ಕಾಯುತ್ತಿದ್ದಳು. ಮೇಡಂ ಡಬ್ಬಿಯೊಳಗೆ ಕೈಹಾಕಿ ಹಕ್ಕಿಯನ್ನು ತೆಗೆದು ಅಂಗೈಯಲ್ಲಿ ಬೆನ್ನು ಕೆಳಗಾಗಿ ಮಲಗಿಸಿದರು. ಬಿಳಿ ಪಟ್ಟಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ನೇರವಾಗಿ ಕಾಲು ನೋಡಿದರು. ಪೆಟ್ರೆಲ್ ಆಗಿದ್ದರೆ ಬೆರಳ ನಡುವೆ ಬಾತುಕೋಳಿಗೆ ಇರುವ ಹಾಗೆ ಚರ್ಮ ಇರಬೇಕು, ಕೊಕ್ಕಿನ ಮೇಲೆ ಮೂಗಿನ ಕೊಳವೆ ಇರಬೇಕು. ಇದರ ಕಾಲು ಪುಟ್ಟದು, ನಾಲ್ಕೂ ಬೆರಳು ಮುಂದಕ್ಕೆ, ಚೂಪು ಉಗುರು. ಅದು ನಮ್ಮ ದಿಲ್ಲಿಯದೇ ಸ್ವಿಫ್ಟ್ ಎಂಬ ಹಕ್ಕಿ. ಹಳೆಯ ಗುಮ್ಮಟಗಳ ಸೂರಿಗೆ ಗೂಡು ಅಂಟಿಸಿಕೊಂಡು ಇರುತ್ತದೆ. ಅದಕ್ಕೂ ಬಣ್ಣ ಕ‌ಪ್ಪು, ಅದಕ್ಕೂ ಬಾಲದ ಬುಡದಲ್ಲಿ ಬಿಳಿ. ನೆಲಕ್ಕೆ ಬಿದ್ದರೆ ಅದಕ್ಕೂ ಏಳಲಾಗುವುದಿಲ್ಲ. ಸಮಾಧಿಗಳನ್ನು ತೋರಿಸಲು ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನನ್ನ ತಲೆಯ ಮೇಲೆ ಹಿಕ್ಕೆ ಹಾಕಿದ್ದು ಇವೇ.

"ಇದು ಸಮುದ್ರ ನೋಡಿದ್ದಲ್ಲ" ಅಂದರು ಮೇಡಂ. ಶಿಷ್ಯೆಯ ಕಣ್ಣಲ್ಲಿ ನೀರು ಬಂತು. "ಸಾರಿ ಮೇಡಂ, ನಾನು ಪೂರಾ ಶ್ಯೂರ್ ಇದ್ದೆ" ಎಂದಳು. ಮೇಡಂ ಅವಳಿಗೆ ಬೈಯಲಿಲ್ಲ. "ಫೋನ್ ಮಾಡಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಇದು ಸಾಯ್ತಿತ್ತು" ಅಂದರು. ಕಟ್ಟೆಯ ಹತ್ತಿರ ಹೋಗಿ, ಅಂಗೈ ಚಾಚಿ, ಹಕ್ಕಿಯನ್ನು ಗಾಳಿಗೆ ಎತ್ತಿ ಬಿಟ್ಟರು. ಅದು ಕಲ್ಲಿನಂತೆ ಕೆಳಗೆ ಜಾರಿ, ಎರಡನೇ ಮಹಡಿಯ ಮಟ್ಟದಲ್ಲಿ ರೆಕ್ಕೆಗೆ ಗಾಳಿ ಸಿಕ್ಕಿ, ಫ್ಲ್ಯಾಟುಗಳ ಆಚೆ ಹೊರಟುಹೋಯಿತು. ಮೇಡಂ ಬಹಳ ಹೊತ್ತು ಅದು ಹೋದ ಕಡೆಯೇ ನೋಡುತ್ತ ನಿಂತಿದ್ದರು. ಪಾಪ ಅನ್ನಿಸಿತು ನನಗೆ. ಆವತ್ತು ಮಾತ್ರ ಯಾವ ಕಿರಿಕಿರಿಯೂ ಆಗಲಿಲ್ಲ. ವಾಪಸು ಬರುವಾಗ ಅವರಿಗೆ ಎರಡು ಕಡೆ ಕಾರು ನಿಲ್ಲಿಸಬೇಕಾಯಿತು.

ಈ ಚಳಿಗಾಲದಲ್ಲಿ ಹೊಗೆಮಂಜು ವಿಪರೀತವಾಗಿ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ನೋಡಲು ಹೋಗಿದ್ದೆ. ಡಾಕ್ಟರು ಮಾತಾಡಲು ಬಿಡುತ್ತಿರಲಿಲ್ಲ. ಮಗಳು ಫೋನಿನಲ್ಲಿ ಬಂದ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು, ಅವರು ತಲೆ ಅಲ್ಲಾಡಿಸುತ್ತಿದ್ದರು. ಎಲ್ಲವೂ ಅಕ್ಟೋಬರ್, ನವೆಂಬರಿನವು. ನನ್ನ ಕಡೆ ನೋಡಿ ಬೆರಳಿನಿಂದ ಏನೋ ಹೇಳಹೊರಟು ಕೈಬಿಟ್ಟರು. ಒಂದು ವಾರದಲ್ಲಿ ಹೋಗಿಬಿಟ್ಟರು.

ಕಾಲೇಜಿನ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ವೇದಿಕೆಯ ಮೇಲೆ ಚೆಂಡುಹೂವಿನ ಹಾರ ಹಾಕಿದ ಫೋಟೋ. ಮುಂದಿನ ಸಾಲಿನಲ್ಲಿ ಮಗಳು. ಸಮಿತಿಯ ಅಧ್ಯಕ್ಷರೂ ಬಂದಿದ್ದರು, ಸಮಿತಿಯ ಹಲವು ಸದಸ್ಯರೂ ಇದ್ದರು. ಮಾತಾಡುವವರಲ್ಲಿ ನಾನಿರಲಿಲ್ಲ, ಸುಮ್ಮನೆ ಕೂತು ಬರುವುದೆಂದು ಹೋಗಿದ್ದೆ.

ಅಧ್ಯಕ್ಷರು ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡಿದರು. ಅವರ ದುಃಖ ನಿಜವಾದದ್ದು, ಅದನ್ನು ಅಲ್ಲಗಳೆಯಲಾರೆ. ಕೊನೆಯಲ್ಲಿ ದನಿ ಏರಿಸಿ ಹೇಳಿದರು: "ಜೂನ್, ಜುಲೈನಲ್ಲಿ ಈ ಪುಟ್ಟ ಹಕ್ಕಿಗಳು ನಮ್ಮ ಸಮುದ್ರ ಬಿಟ್ಟುಹೋಗುತ್ತವೆ ಎಂದು ದೇಶಕ್ಕೆ ಮೊದಲು ತಿಳಿಸಿದವರು ಇವರು. ಎಷ್ಟು ನಮ್ರತೆಯೆಂದರೆ ಅದನ್ನೂ ತಮ್ಮ ತಪ್ಪು ಅನ್ನುತ್ತಿದ್ದರು. ನಮ್ಮ ನಿಯಮಗಳು ಮುಂದಿನ ತಿಂಗಳು ಹೊರಬರಲಿವೆ. ಆ ಶೋಧವನ್ನು ಅವರ ಹೆಸರಿನ ಸಮೇತ ಅದರಲ್ಲಿ ಉಳಿಸಿಕೊಂಡಿದ್ದೇವೆ. ಅವರಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಬೇರೆ ಇಲ್ಲ." ಕೆಲವರು ಕಣ್ಣೊರೆಸಿಕೊಂಡರು.

ನಾನು ಕೂತಲ್ಲೇ ಎದ್ದು ನಿಂತೆ. ಯಾರೂ ಮೈಕು ಕೊಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಾಠ ಮಾಡಿದ ಗಂಟಲು.

"ಅವರು ಬರೆದದ್ದು ತಪ್ಪು" ಎಂದೆ.

ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಕೋಟಿನ ತುದಿ ಹಿಡಿದು ಜಗ್ಗಿದರು. ಸತ್ತವರ ಸಭೆಯಲ್ಲಿ ಆಡುವ ಮಾತೇ ಇದು ಎಂದು ಹಿಂದಿನಿಂದ ಯಾರೋ ಗೊಣಗಿದರು.

ಆಗ ಮಗಳು ತಿರುಗಿ, ಸ್ಪಷ್ಟವಾದ ಕನ್ನಡದಲ್ಲಿ, "ಹೌದು ಅಂಕಲ್, ಹೇಳಿ" ಅಂದಳು.

ಹಿಂದಿಯಲ್ಲೇ ಹೇಳಿದೆ. "ಆ ಎರಡು ತಿಂಗಳು ಸಮುದ್ರದಲ್ಲಿ ಬೋಟು ಇರುವುದಿಲ್ಲ. ನೋಡುವವರೇ ಇರಲಿಲ್ಲ. ಹಕ್ಕಿ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇದನ್ನು ಅವರೇ ಬಂದು ನಿಮ್ಮ ಮುಂದೆ ಹೇಳಿದರು, ನೀವು ಚಪ್ಪಾಳೆ ತಟ್ಟಿದಿರಿ. ನಾನು ಅವರಲ್ಲ. ನನ್ನ ಮಾತನ್ನು ನಮ್ರತೆ ಅನ್ನಲು ಬರುವುದಿಲ್ಲ. ಅವರು ತಪ್ಪು ಮಾಡಿದ್ದರು, ಅದನ್ನು ತೆಗೆಯಿರಿ."

ಅಧ್ಯಕ್ಷರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಹಾರ ಹಾಕಿದ ಫೋಟೋ ನೋಡಿದರು. ನಿರೂಪಕರು ಗಡಿಬಿಡಿಯಿಂದ ಮೈಕು ತೆಗೆದುಕೊಂಡು, "ಚಲಿಯೇ, ಈಗ ಎರಡು ನಿಮಿಷ ಮೌನ" ಎಂದರು.

ಎಲ್ಲರೂ ಎದ್ದರು. ನಾನು ಆಗಲೇ ನಿಂತಿದ್ದೆ.